ವಂಚಕನಿಗೊಂದು ಮೈಸೂರು ಪೇಟ

ಈ ಸಲದ ರಾಜ್ಯೋತ್ಸವ ಪ್ರಶಸ್ತಿಗೆ ನನ್ನದೊಂದು ಶಿಫಾರಸು ಇದೆ. ನನಗಾಗಿ ಅಲ್ಲ, ಆ ಸರತಿ ಸಾಲು ವಿಧಾನಸೌಧದಿಂದ ಹೊರಟು ತುಮಕೂರು ಮುಟ್ಟಿದೆಯಂತೆ. ಆರೋಗ್ಯ ವಿಮೆಯ ಹೆಸರು ಹೇಳಿಕೊಂಡು ನಮ್ಮ ಹಿರಿಯರಿಗೆ ಫೋನು ಮಾಡುವ ವಂಚಕನಿದ್ದಾನಲ್ಲ, ಅವನಿಗಾಗಿ. ಕ್ಷೇತ್ರ: ಕನ್ನಡದಲ್ಲಿ ಗ್ರಾಹಕ ಸೇವೆ.

ನಗುವ ಮೊದಲು ನಿಮ್ಮ ಅಸಲಿ ವಿಮಾ ಕಂಪನಿಯ ಸಹಾಯವಾಣಿಗೆ ಒಂದು ಕರೆ ಮಾಡಿ ಬನ್ನಿ. ಮೊದಲು ಸಿತಾರ್ ವಾದನ. ಆಮೇಲೆ ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡದ ಸರದಿ ಬರುವಷ್ಟರಲ್ಲಿ ಫೋನಿನಲ್ಲಿ ಅಂಕಿಗಳೇ ಮುಗಿಯುತ್ತ ಬಂದಿರುತ್ತವೆ. ಅದನ್ನೂ ಹುಡುಕಿ ಒತ್ತಿದಿರಿ ಅನ್ನಿ. ಪಾಲಿಸಿ ಸಂಖ್ಯೆ ಕೇಳುತ್ತಾರೆ, ಹುಟ್ಟಿದ ತಾರೀಖು ಕೇಳುತ್ತಾರೆ, ಕೊನೆಯಲ್ಲಿ ಹ್ಯಾಶ್ ಒತ್ತಿ ಎನ್ನುತ್ತಾರೆ. ಹ್ಯಾಶ್ ಎಲ್ಲಿದೆ ಎಂದು ಅಜ್ಜ ಹುಡುಕುತ್ತಿರುವಾಗ 'ನೀವು ಯಾವುದೇ ಆಯ್ಕೆ ಮಾಡಿಲ್ಲ' ಎಂಬ ತೀರ್ಪು ಬರುತ್ತದೆ. ಮತ್ತೆ ಸಿತಾರ್. ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂಬ ಭರವಸೆ, ಅಡುಗೆಮನೆಯಲ್ಲಿ ಕುಕ್ಕರು ಮೂರು ಸಲ ಕೂಗುವವರೆಗೂ. ಕಡೆಗೊಂದು ಮನುಷ್ಯ ಧ್ವನಿ: 'ಹಾಂ ಜೀ, ಬತಾಯಿಯೇ.'

ಇನ್ನು ನಮ್ಮ ವಂಚಕನನ್ನು ನೋಡಿ. ನೀವು ಕರೆಯುವುದೇ ಬೇಡ, ಅವನೇ ಕರೆಯುತ್ತಾನೆ. ಒಂದು ಒತ್ತು, ಎರಡು ಒತ್ತು ಅನ್ನುವುದಿಲ್ಲ. 'ನಮಸ್ಕಾರ ಸಾರ್, ಕಾಫಿ ಆಯ್ತಾ? ಮಂಡಿ ನೋವು ಹೇಗಿದೆ ಈಗ?' ಎಂದೇ ಶುರು ಮಾಡುತ್ತಾನೆ. ಮಂಡಿ ನೋವಿನ ವಿಷಯವನ್ನು ಮನೆಯಲ್ಲಿ ಯಾರಾದರೂ ವಿಚಾರಿಸಿ ಎಷ್ಟು ದಿನವಾಗಿತ್ತೋ.

ಮುಂಚೆ ಹೀಗಿರಲಿಲ್ಲ. 'ನಿಮ್ಮ ಪಾಲಿಸಿಯ ಬೋನಸ್ ಬಂದಿದೆ' ಎಂಬ ಕರೆಗಳು ದೆಹಲಿ, ನೋಯ್ಡಾ, ಗಾಜಿಯಾಬಾದಿನ ಕಡೆಯ ಕಾಲ್ ಸೆಂಟರುಗಳಿಂದ ಅಚ್ಚ ಹಿಂದಿಯಲ್ಲಿ ಬರುತ್ತಿದ್ದವು. ನಮ್ಮ ಅಜ್ಜಿಯರು 'ಹಿಂದಿ ನಹೀ ಮಾಲೂಮ್' ಎಂದು ಒಂದೇ ವಾಕ್ಯದಲ್ಲಿ ವ್ಯವಹಾರ ಮುಗಿಸುತ್ತಿದ್ದರು. ಹಿಂದಿ ಬಾರದಿರುವುದೇ ಆಗ ಈ ರಾಜ್ಯದ ಸೈಬರ್ ಭದ್ರತೆಯಾಗಿತ್ತು. ಮಾರುಕಟ್ಟೆಗೆ ಇದು ಬೇಗ ಅರ್ಥವಾಯಿತು. ಬ್ಯಾಂಕುಗಳ ಮುಂದೆ ಎಷ್ಟು ಧರಣಿ ಕೂತರೂ ಆಗದ್ದು, ವಂಚಕರ ಲೋಕದಲ್ಲಿ ಒಂದೂ ಬಾವುಟ ಹಾರಿಸದೆ ಆಯಿತು: ಕನ್ನಡ ಬಲ್ಲವರಿಗೆ ಕೆಲಸ ಸಿಕ್ಕಿತು. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದ ಸರೋಜಿನಿ ಮಹಿಷಿ ವರದಿಯನ್ನು ಇಷ್ಟು ಪ್ರಾಮಾಣಿಕವಾಗಿ ಜಾರಿ ಮಾಡಿದ ಇನ್ನೊಂದು ಉದ್ಯಮ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೇವೆಯ ಗುಣಮಟ್ಟ ತಿಳಿಯಲು ಒಂದು ಕರೆಯನ್ನು ಪೂರ್ತಿ ಕೇಳಬೇಕು. ಇಂಥ ಕರೆಗಳು ಹೆಚ್ಚೂ ಕಡಿಮೆ ಒಂದೇ ಅಚ್ಚಿನವು, ಹಾಗಾಗಿ ಕೇಳುವವರಿಗೆ ರಾಯರು ಎಂದು ಹೆಸರಿಟ್ಟುಕೊಳ್ಳೋಣ. ರಾಯರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ವಯಸ್ಸು 74. ಸಕ್ಕರೆ, ಬಿ.ಪಿ., ಒಂದು ಸ್ಟೆಂಟು. ಮಗ ನ್ಯೂಜೆರ್ಸಿಯಲ್ಲಿ, ಮಗಳು ವೈಟ್‌ಫೀಲ್ಡಿನಲ್ಲಿ. ಇವರಿರುವ ಬನಶಂಕರಿಯಿಂದ ಎರಡೂ ಒಂದೇ ದೂರ.

'ಸಾರ್, ನಾನು ಹೈದರಾಬಾದಿನ ಐಆರ್‌ಡಿಎಐ ಹೆಡ್ ಆಫೀಸಿಂದ ಮಾತಾಡ್ತಿರೋದು. ನಿಮ್ಮದೊಂದು ಹಳೇ ಹೆಲ್ತ್ ಪಾಲಿಸಿ, ಮಧ್ಯದಲ್ಲಿ ನಿಲ್ಲಿಸಿದ್ರಲ್ಲ, ಅದು ಮೆಚ್ಯೂರ್ ಆಗಿದೆ. ಬೋನಸ್ ಸೇರಿ ಮೂರು ಲಕ್ಷದ ಎಂಬತ್ತು ಸಾವಿರ ನಿಮ್ಮ ಹೆಸರಲ್ಲಿ ಕೂತಿದೆ.'

'ಕಂಪನಿಯವರು ಹೇಳಲಿಲ್ವಲ್ಲ?'

'ಅವರು ಹೇಳ್ತಾರಾ ಸಾರ್? ನಿಮ್ಮ ಏಜೆಂಟ್ ಕಮಿಷನ್ ತಗೊಂಡು ಫೈಲ್ ಮುಚ್ಚಿಟ್ಟಿದ್ದಾನೆ. ಅದಕ್ಕೇ ನಾವು ಡೈರೆಕ್ಟಾಗಿ ಮಾಡ್ತಿರೋದು. ದಯವಿಟ್ಟು ಏಜೆಂಟಿಗೂ ಮನೆಯವರಿಗೂ ಈಗಲೇ ಹೇಳಬೇಡಿ, ಫೈಲ್ ಹಿಂದೆ ಹೋಗತ್ತೆ.'

'ಏನು ಮಾಡಬೇಕಪ್ಪ ಈಗ?'

'ಹನ್ನೆರಡೂವರೆ ಸಾವಿರ ಎನ್‌ಒಸಿ ಚಾರ್ಜು, ಅದೂ ರಿಫಂಡಬಲ್. ಸಂಜೆ ನಾಲ್ಕಕ್ಕೆ ಪೋರ್ಟಲ್ ಕ್ಲೋಸ್ ಆಗತ್ತೆ. ನೀರು ಕುಡೀರಿ ಸಾರ್, ಗಾಬರಿ ಬೇಡ, ನಾನು ಲೈನಲ್ಲೇ ಇರ್ತೀನಿ.'

ಇದರ ಕಸುಬುಗಾರಿಕೆಯನ್ನು ಗಮನಿಸಬೇಕು. ಏಜೆಂಟ್ ಕಮಿಷನ್ ಹೊಡೆದಿದ್ದಾನೆ ಎಂಬ ಮಾತನ್ನು ಈ ದೇಶದಲ್ಲಿ ಯಾರು ತಾನೇ ನಂಬದಿರುತ್ತಾರೆ? ಕಂಪನಿ ಹಣ ಕೊಡದೆ ಕೂತಿದೆ ಎಂಬುದನ್ನು ನಂಬಲು ಯಾವ ಪುರಾವೆ ಬೇಕು? ವಂಚಕ ಹೊಸ ಸುಳ್ಳನ್ನೇನೂ ಕಟ್ಟಿಲ್ಲ. ರಾಯರು ಕಳೆದ ಇಪ್ಪತ್ತು ವರ್ಷಗಳಲ್ಲಿ ಸ್ವಂತ ಖರ್ಚಿನಲ್ಲಿ ಕಲಿತ ಸತ್ಯಗಳನ್ನು ಜೋಡಿಸಿ, ಕೊನೆಗೊಂದು ಯುಪಿಐ ಐಡಿ ಸೇರಿಸಿದ್ದಾನೆ ಅಷ್ಟೇ.

ಆರೋಗ್ಯ ವಿಮೆಗೆ ಮೆಚ್ಯೂರಿಟಿ ಎಂಬುದೇ ಇಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟುವ ಪಾಲಿಸಿ ಬೆಳೆದು ಹಣ್ಣಾಗಿ ಕೈಗೆ ಬೀಳುವ ಸರಕಲ್ಲ. ಕ್ಲೇಮು ಮಾಡದ ವರ್ಷಕ್ಕೆ 'ಬೋನಸ್' ಕೊಡುತ್ತಾರೆ ನಿಜ, ಆದರೆ ಅದರಿಂದ ವಿಮಾ ಮೊತ್ತ ಹೆಚ್ಚುತ್ತದೆಯೇ ಹೊರತು ನಗದು ಬರುವುದಿಲ್ಲ. ಐಆರ್‌ಡಿಎಐ ಎಂಬ ನಿಯಂತ್ರಣ ಪ್ರಾಧಿಕಾರದ ಮುಖ್ಯ ಕಚೇರಿ ಇರುವುದು ಹೈದರಾಬಾದಿನಲ್ಲೇ, ಈ ಒಂದು ಮಾತು ಮಾತ್ರ ವಂಚಕ ಹೇಳಿದ ನಿಜ. ಆದರೆ ಆ ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ, ಯಾರ ಪ್ರೀಮಿಯಮ್ಮನ್ನೂ ಹೂಡಿಕೆ ಮಾಡುವುದಿಲ್ಲ. ಇಂಥ ಕರೆ ಬಂದರೆ ಪೊಲೀಸರಿಗೆ ದೂರು ಕೊಡಿ ಎಂದು ಅದೇ ಹೇಳುತ್ತದೆ. ಎಲ್ಲಿ ಹೇಳುತ್ತದೆ? ವಿಮಾ ಜಾಹೀರಾತುಗಳ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಪೊರೆ ತೆಗೆಸಿಕೊಂಡ ಕಣ್ಣಿಗೂ ಕಾಣದ ಆ ಸಾಲನ್ನು ಪೊರೆ ಬಂದ ಕಣ್ಣುಳ್ಳವರ ರಕ್ಷಣೆಗಾಗಿ ಅಚ್ಚು ಹಾಕಿಸಿದ್ದಾರೆ. ಮೇಲುಗಡೆ ಸೆಲೆಬ್ರಿಟಿಯ ಹಲ್ಲು ಮಾತ್ರ ರಸ್ತೆಯ ಆಚೆಯಿಂದಲೂ ಎಣಿಸಬಹುದು.

ರಾಯರು ಹನ್ನೆರಡೂವರೆ ಸಾವಿರ ಕಟ್ಟಿದರು. ಮಾರನೇ ದಿನ 'ಫಂಡ್ ರಿಲೀಸ್ ಡಿಪಾರ್ಟ್‌ಮೆಂಟಿನ' ಇನ್ನೊಬ್ಬ ಸಾಹೇಬ ಬಂದ, ಸ್ಟಾಂಪ್ ಡ್ಯೂಟಿ ಕೇಳಿದ. ಅದರ ಮಾರನೇ ದಿನ ಮೇಡಂ ಒಬ್ಬರು ಬಂದು ಮೊತ್ತದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬಾಕಿ ಇದೆ ಎಂದರು. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಮ್ಮಿನ ಮೇಲಿದ್ದ ಆ 18 ಪರ್ಸೆಂಟನ್ನು 2025ರ ಸೆಪ್ಟೆಂಬರ್ 22ರಿಂದ ಸರ್ಕಾರವೇ ಸೊನ್ನೆ ಮಾಡಿದೆ. ಈಗ ಅದನ್ನು ವಸೂಲು ಮಾಡುತ್ತಿರುವವನು ವಂಚಕನೊಬ್ಬನೇ. ತೆರಿಗೆಯ ಬಗ್ಗೆ ಇಂಥ ನಿಷ್ಠೆ ಅಪರೂಪ.

ಗಣಿತದ ಮೇಷ್ಟ್ರು, ಇಷ್ಟೂ ಲೆಕ್ಕ ತಿಳಿಯಲಿಲ್ಲವೇ ಎಂದು ಓದುಗರು ಹುಬ್ಬೇರಿಸಬಹುದು. ಲೆಕ್ಕ ತಿಳಿಯಿತು ಸ್ವಾಮಿ, ಅದೇ ತೊಂದರೆ. ಹನ್ನೆರಡೂವರೆ ಸಾವಿರ ಹೋಯಿತು ಎಂದು ಒಪ್ಪಿಕೊಂಡರೆ ಅಷ್ಟೂ ನಷ್ಟ. ಇನ್ನೊಂದಿಷ್ಟು ಕಟ್ಟಿದರೆ ಮೂರು ಲಕ್ಷದ ಎಂಬತ್ತು ಸಾವಿರದ ಆಸೆ ಉಳಿಯುತ್ತದೆ. ಷೇರು ಪೇಟೆಯಲ್ಲಿ ದೊಡ್ಡ ದೊಡ್ಡ ಪಂಡಿತರು ಇದೇ ಲೆಕ್ಕ ಮಾಡಿ ಮುಳುಗಿದಾಗ ಅವರನ್ನು ಯಾರೂ ಮರುಳ ಅನ್ನುವುದಿಲ್ಲ, ಪ್ಯಾನೆಲ್ ಚರ್ಚೆಗೆ ಕರೆಯುತ್ತಾರೆ.

ಈಗ ಬಹುಮುಖ್ಯ ಪ್ರಶ್ನೆ. ರಾಯರ ಪಾಲಿಸಿ, ಅವರ ಸ್ಟೆಂಟು, ಮಂಡಿ ನೋವು, ಇವೆಲ್ಲ ವಂಚಕನಿಗೆ ಗೊತ್ತಾದದ್ದು ಹೇಗೆ? ಇದಕ್ಕೆ ಜಾಗೃತಿ ಸಭೆಗಳಲ್ಲಿ ಸಿಗುವ ಉತ್ತರ: 'ಹಿರಿಯರು ತಮ್ಮ ಮಾಹಿತಿಯನ್ನು ಎಲ್ಲೆಂದರಲ್ಲಿ ಹಂಚಿಕೊಳ್ಳಬಾರದು.' ಅಂದರೆ ರಾಯರು ವಾಕಿಂಗ್ ಹೋದಾಗ ಸ್ಟೆಂಟಿನ ಬಿಲ್ಲನ್ನು ಎಲ್ಲರಿಗೂ ಹಂಚಿದ್ದಾರೆ.

2024ರಲ್ಲಿ ಏನಾಯಿತು ಎಂಬುದನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಸ್ಟಾರ್ ಹೆಲ್ತ್ ಕಂಪನಿಯ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಗುರುತಿನ ಚೀಟಿಯ ಪ್ರತಿ, ರಕ್ತ ಪರೀಕ್ಷೆ ವರದಿ ಎಲ್ಲವೂ ಟೆಲಿಗ್ರಾಂ ಚಾಟ್‌ಬಾಟಿನಲ್ಲಿ ಸಿಗುತ್ತಿವೆ ಎಂದು ಆ ವರ್ಷ ರಾಯಿಟರ್ಸ್ ವರದಿ ಮಾಡಿತು. 3 ಕೋಟಿಗೂ ಹೆಚ್ಚು ಜನರ ವಿವರ ನನ್ನ ಬಳಿ ಇದೆ ಎಂದು ಕದ್ದವನು ಹೇಳಿಕೊಂಡ. ಕಂಪನಿ ಅವನ ಮೇಲೂ ಟೆಲಿಗ್ರಾಂ ಮೇಲೂ ಕೋರ್ಟಿಗೆ ಹೋಯಿತು. ಇಷ್ಟು ಜನರ ಹೊಟ್ಟೆಯೊಳಗಿನ ಸ್ಕ್ಯಾನು ಬೀದಿಗೆ ಬಂದಾಗ ಅಜ್ಜ ಅಜ್ಜಿಯರು ಯಾವ ಓಟಿಪಿಯನ್ನೂ ಯಾರಿಗೂ ಹೇಳಿರಲಿಲ್ಲ. ಇದು ಸುದ್ದಿಯಾದ ಒಂದು ಪ್ರಕರಣ. ಲ್ಯಾಬು, ಮೆಡಿಕಲ್ ಶಾಪು, ಪಾಲಿಸಿ ಹೋಲಿಸಿ ತೋರಿಸುವ ವೆಬ್‌ಸೈಟು, ಆಧಾರ್ ಜೆರಾಕ್ಸ್ ತೆಗೆಯುವ ಅಂಗಡಿ, ಕೆಲಸ ಬಿಟ್ಟು ಹೋಗುವಾಗ ಗ್ರಾಹಕರ ಪಟ್ಟಿಯನ್ನು ಜೇಬಿಗಿಳಿಸುವ ಸಿಬ್ಬಂದಿ, ಇವರ ಲೆಕ್ಕ ಬೇರೆ.

ಖಾಸಗಿ ಮಾಹಿತಿ ಕಾಪಾಡಲು ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳು ಪಾಲಿಸಬೇಕಾದ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಮುಂದೆ ಇನ್ನೂ 18 ತಿಂಗಳ ಕಾಲಾವಕಾಶ. ಪಾಪ, ಸಿದ್ಧತೆ ಮಾಡಿಕೊಳ್ಳಬೇಕಲ್ಲ. ಕಂಪನಿಗೆ 18 ತಿಂಗಳು. ರಾಯರಿಗೆ ಸಂಜೆ ನಾಲ್ಕರವರೆಗೆ.

ಇಷ್ಟಾಗಿ, ರಾಯರ ಕಡತವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಶ್ರದ್ಧೆಯಿಂದ ಓದಿದ ಏಕೈಕ ವ್ಯಕ್ತಿ ಆ ವಂಚಕ. ಕ್ಲೇಮು ತಿರಸ್ಕರಿಸಿದ ಅಧಿಕಾರಿ ಅಷ್ಟು ಓದಿರಲಾರ.

ಅಸಲಿ ಕಂಪನಿಗಳನ್ನು ಬಯ್ಯುವುದು ನನ್ನ ಉದ್ದೇಶವಲ್ಲ, ಆದರೆ ವಂಚಕನಿಗೆ ತರಬೇತಿ ಕೊಟ್ಟ ಗುರುಗಳನ್ನು ನೆನೆಯದಿದ್ದರೆ ಪಾಪ ಬರುತ್ತದೆ. 'ಇವತ್ತೇ ಕೊನೇ ದಿನ' ಎಂದು ಮೊದಲು ಹೇಳಿಕೊಟ್ಟವರು ಯಾರು? ನವೀಕರಣದ ತಿಂಗಳಲ್ಲಿ ಯಾವುದೋ ಹತ್ತಂಕಿಯ ಮೊಬೈಲಿನಿಂದ ಕರೆ ಮಾಡಿ, ಹೆಸರು ಅರ್ಧ ನುಂಗಿ, 'ಸಾರ್ ವಾಟ್ಸಾಪಲ್ಲಿ ಲಿಂಕ್ ಕಳಿಸಿದೀನಿ, ಅದರಲ್ಲೇ ಪೇ ಮಾಡಿ, ಡಿಸ್ಕೌಂಟ್ ಈವತ್ತಿಗೆ ಮಾತ್ರ' ಎನ್ನುವುದು ಅಸಲಿ ಕಂಪನಿಯ ಅಸಲಿ ಸಿಬ್ಬಂದಿಯೇ. ಬ್ಯಾಂಕಿಗೆ ಎಫ್‌ಡಿ ಇಡಲು ಹೋದ ಅಜ್ಜಿಗೆ 'ಇದೂ ಎಫ್‌ಡಿ ಥರಾನೇ ಅಮ್ಮ, ಹೆಲ್ತೂ ಕವರಾಗತ್ತೆ' ಎಂದು ಹತ್ತು ವರ್ಷ ಕಂತು ಕಟ್ಟುವ ಜೀವ ವಿಮೆಯನ್ನು ಅಂಟಿಸುವವರು ಟೈ ಕಟ್ಟಿಕೊಂಡು, ಫ್ಯಾನಿನ ಕೆಳಗೆ ಕೂತು, ಕಾನೂನುಬದ್ಧವಾಗಿಯೇ ಅಂಟಿಸುತ್ತಾರೆ. ಹಾಗೆ ಅಂಟಿಸಿದ್ದನ್ನು ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸು ಮಾಡಬಹುದು ಎಂಬ ನಿಯಮವಿದೆ. ಅದನ್ನು ಆ ಫ್ಯಾನಿನ ಕೆಳಗೆ ಮಾತ್ರ ಯಾರೂ ಉಸುರುವುದಿಲ್ಲ. ಇನ್ನು ಆರೋಗ್ಯ ವಿಮೆಯ ನವೀಕರಣದ ಗಡುವು ದಾಟಿದರೂ ವಾರ್ಷಿಕ ಪ್ರೀಮಿಯಮ್ಮಿಗೆ 30 ದಿನ ಕೃಪಾವಧಿ ಇರುತ್ತದೆ, ಆ ನಡುವೆ ರಕ್ಷಣೆ ಇಲ್ಲದಿರಬಹುದೇ ಹೊರತು ಹಳೆಯ ಕಾಯಿಲೆಗಳಿಗಾಗಿ ಕಾದ ವರ್ಷಗಳು ನೀರಿಗೆ ಹೋಗುವುದಿಲ್ಲ. ಇದನ್ನೂ ಯಾರೂ ಹೇಳುವುದಿಲ್ಲ. ಹೇಳಿದರೆ ಅವಸರ ಮಾಯವಾಗುತ್ತದೆ. ಅವಸರ ಮಾಯವಾದರೆ ಅಸಲಿಗೂ ನಷ್ಟ, ನಕಲಿಗೂ ನಷ್ಟ.

ವಯಸ್ಸಾದವರಿಗೆ ವಿಮೆ ಎಂದರೆ ಏಕಿಷ್ಟು ಗಾಬರಿ ಎನ್ನುವವರು ಅರವತ್ತು ದಾಟಿಲ್ಲ. 65 ಆದಮೇಲೆ ಹೊಸ ಪಾಲಿಸಿ ಕೊಡದಿರುವುದು ಕಂಪನಿಗಳ ವಾಡಿಕೆಯಾಗಿತ್ತು. ಆ ಗೆರೆಯನ್ನು ಐಆರ್‌ಡಿಎಐ ಅಳಿಸಿದ್ದು 2024ರಲ್ಲಿ. ಗೆರೆ ಅಳಿಸಿತು, ಪ್ರೀಮಿಯಂ ಎದ್ದು ಕುಣಿಯಿತು. ಹಿರಿಯ ನಾಗರಿಕರ ಪ್ರೀಮಿಯಮ್ಮನ್ನು ವರ್ಷಕ್ಕೆ 10 ಪರ್ಸೆಂಟಿಗಿಂತ ಹೆಚ್ಚು ಏರಿಸುವುದಾದರೆ ನಮ್ಮನ್ನು ಕೇಳಿ ಏರಿಸಿ ಎಂದು 2025ರ ಜನವರಿಯಲ್ಲಿ ಪ್ರಾಧಿಕಾರ ಕಂಪನಿಗಳಿಗೆ ಹೇಳಬೇಕಾಯಿತು. ಹೀಗೆ ಪಿಂಚಣಿಯ ದೊಡ್ಡ ತುಂಡೊಂದನ್ನು ಪ್ರತಿವರ್ಷ ಕತ್ತರಿಸಿ ಕೊಡುವ ಮನುಷ್ಯನಿಗೆ '30 ಪರ್ಸೆಂಟ್ ರಿಯಾಯಿತಿಯಲ್ಲಿ ರಿನ್ಯೂ ಮಾಡಿಕೊಡ್ತೀನಿ' ಎಂದು ಒಬ್ಬ ಕರೆ ಮಾಡಿದರೆ, ಅವನನ್ನು ಅನುಮಾನಿಸಬೇಕೋ ಪೂಜಿಸಬೇಕೋ?

ಸರ್ಕಾರ ಸುಮ್ಮನೆ ಕೂತಿಲ್ಲ. 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಕಾರ್ಡು ಉಚಿತ, ಬೇಕಾದದ್ದು ಆಧಾರ್ ಒಂದೇ, ವಿಚಾರಿಸಲು 14555 ಎಂಬ ಸಂಖ್ಯೆ. ಉಚಿತ ಎಂದ ಕೂಡಲೇ ನಮ್ಮ ಜನಕ್ಕೆ ಅನುಮಾನ. ವಂಚಕ ಆ ಅನುಮಾನವನ್ನು ನಿವಾರಿಸಿದ: ನೋಂದಣಿ ಶುಲ್ಕ ಇಷ್ಟು, ಕೊರಿಯರ್ ಇಷ್ಟು ಎಂದ. ದುಡ್ಡು ಕೇಳಿದ ಮೇಲೆಯೇ ಇದು ಸರ್ಕಾರದ್ದೇ ಎಂದು ಹಲವರಿಗೆ ಖಾತ್ರಿಯಾದದ್ದು. ಇನ್ನು ವಾಟ್ಸಾಪಿನಲ್ಲಿ ಬರುವ ಕಾರ್ಡಿನ 'ಅಪ್ಲಿಕೇಶನ್' ಬೇರೆ. ಫೈಲಿನ ಹೆಸರಿನ ಬಾಲದಲ್ಲಿ ಎಪಿಕೆ ಎಂದಿರುತ್ತದೆ. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ 'ಅಲೋ' ಎಂದು ಒಪ್ಪಿದರೆ ಫೋನಿಗೆ ಬರುವ ಸಂದೇಶಗಳನ್ನೆಲ್ಲ ಅವನೇ ಓದಿಕೊಳ್ಳುತ್ತಾನೆ. ಓಟಿಪಿ ಕೇಳುವ ಕಷ್ಟವನ್ನೂ ಹಿರಿಯರಿಗೆ ಕೊಡುವುದಿಲ್ಲ.

ಜನಜಾಗೃತಿಗೆಂದು 2025ರ ಮಧ್ಯದವರೆಗೂ ನಮ್ಮ ಫೋನುಗಳಲ್ಲಿ ಅಮಿತಾಭ್ ಬಚ್ಚನ್ ಧ್ವನಿ ಮೊಳಗುತ್ತಿತ್ತು, ಅಪರಿಚಿತ ಕರೆ ಬಂದರೆ ಹುಷಾರು ಎಂದು. ಆ ಧ್ವನಿ ಯಾರಿಗೆ ಕೇಳಿಸುತ್ತಿತ್ತು ಎಂದು ಯಾರಾದರೂ ಯೋಚಿಸಿದ್ದರೇ? ಕರೆ ಮಾಡಿದವರಿಗೆ. ಕರೆ ಸ್ವೀಕರಿಸುವವರಿಗೆ ಬರೀ ಟ್ರಿಣ್ ಟ್ರಿಣ್. ಅಂದರೆ ರಾಯರಿಗೆ ಎದೆ ನೋವು ಬಂದು ಮಗಳಿಗೆ ಫೋನು ಹಚ್ಚಿದರೆ ಅಮಿತಾಭ್ ಅವರನ್ನು ತಡೆದು ನಿಲ್ಲಿಸಿ ಉಪದೇಶ ಮಾಡುತ್ತಿದ್ದರು. ವಂಚಕ ರಾಯರಿಗೆ ಫೋನು ಹಚ್ಚಿದರೆ ಎಚ್ಚರಿಕೆ ಕೇಳಿಸುತ್ತಿದ್ದದ್ದು ವಂಚಕನಿಗೆ. ದಿನವಿಡೀ ಕರೆ ಮಾಡುವವನು ದಿನವಿಡೀ ಕೇಳಿಸಿಕೊಂಡಿರುತ್ತಾನೆ. ದೇಶದಲ್ಲಿ ಸೈಬರ್ ವಂಚನೆಯ ಬಗ್ಗೆ ಅತಿ ಹೆಚ್ಚು ಜಾಗೃತನಾಗಿರುವವನು ಅವನೇ ಆಗಿದ್ದರೆ ಆಶ್ಚರ್ಯವಿಲ್ಲ.

ಜಾಗೃತಿ ಸಭೆಗಳ ವೈಭವವೂ ಒಂದಿದೆ. ವೇದಿಕೆಯಲ್ಲಿ ಒಂಬತ್ತು ಕುರ್ಚಿ, ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಮುಖ್ಯ ಅತಿಥಿಗಳು ತಮ್ಮ ಬಾಲ್ಯದಲ್ಲಿ ಫೋನೇ ಇರಲಿಲ್ಲ ಎಂಬುದನ್ನು ವಿಸ್ತಾರವಾಗಿ ಹೇಳುತ್ತಾರೆ. ಆಮೇಲೆ ಪವರ್‌ಪಾಯಿಂಟ್, ಅದರಲ್ಲಿ ಮುಖಕ್ಕೆ ಟೋಪಿ ಎಳೆದುಕೊಂಡು ಕಪ್ಪು ಜಾಕೆಟ್ ತೊಟ್ಟು ಕತ್ತಲಲ್ಲಿ ಕೂತ ಹ್ಯಾಕರನ ಚಿತ್ರ. ರಾಯರಿಗೆ ಫೋನು ಮಾಡಿದವನು ಹಾಗಿರಲಿಲ್ಲ, 'ನೀರು ಕುಡೀರಿ ಸಾರ್' ಅಂದಿದ್ದ. 'ನಿಮ್ಮ ಹುಟ್ಟಿದ ದಿನಾಂಕ, ಮೊಬೈಲ್, ಆಧಾರ್ ಯಾರಿಗೂ ಕೊಡಬೇಡಿ' ಎಂಬ ಸ್ಲೈಡಿಗೆ ಜೋರು ಚಪ್ಪಾಳೆ. ಕೊನೆಗೆ ಉಪ್ಪಿಟ್ಟಿನ ತಟ್ಟೆ ಸಿಗುವ ಮುನ್ನ ಬಾಗಿಲಲ್ಲಿ ಒಂದು ರಿಜಿಸ್ಟರು: ಹೆಸರು, ಹುಟ್ಟಿದ ದಿನಾಂಕ, ಮೊಬೈಲ್, ಆಧಾರ್. ಫೋಟೋ ಬೇರೆ. ಪ್ರಮಾಣಪತ್ರ ಕೊಡಬೇಕಲ್ಲ! ಹಿರಿಯರು ಸಾಲಾಗಿ ನಿಂತು, ದುಂಡಗಿನ ಅಕ್ಷರದಲ್ಲಿ, ತಪ್ಪಿಲ್ಲದೆ ತುಂಬಿ ಕೊಡುತ್ತಾರೆ. ಆ ರಿಜಿಸ್ಟರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಸ್ಲೈಡು ಇರುವುದಿಲ್ಲ.

ಮಕ್ಕಳ ಕೊಡುಗೆಯನ್ನು ಮರೆಯುವಂತಿಲ್ಲ. 'ಅಪ್ಪಾ, ಗೊತ್ತಿಲ್ಲದ ನಂಬರ್ ಎತ್ತಬೇಡ' ಎಂದು ನ್ಯೂಜೆರ್ಸಿಯಿಂದ ಒಂದು ವಾಯ್ಸ್ ಮೆಸೇಜು. ಗೊತ್ತಿರುವ ನಂಬರುಗಳು ಯಾವುವಪ್ಪ? ಮಗ ಶನಿವಾರ ಮಾಡುತ್ತಾನೆ. ಮಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಾಡುತ್ತಾಳೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟು, ಗ್ಯಾಸ್ ಸಿಲಿಂಡರು, ಔಷಧಿ ತರುವ ಹುಡುಗ, ಲ್ಯಾಬಿನಿಂದ ರಕ್ತ ತೆಗೆಯಲು ಬರುವವಳು, ಪಿಂಚಣಿ ಕೊಡುವ ಬ್ಯಾಂಕು, ಇವರೆಲ್ಲ ಗೊತ್ತಿಲ್ಲದ ನಂಬರಿನವರೇ. ಗೊತ್ತಿಲ್ಲದ ನಂಬರು ಎತ್ತದಿದ್ದರೆ ರಾಯರು ಮೂರು ದಿನದಲ್ಲಿ ಔಷಧಿ, ಗ್ಯಾಸು, ಅನ್ನ ಮೂರೂ ಇಲ್ಲದೆ ಸುರಕ್ಷಿತವಾಗಿರುತ್ತಾರೆ.

ನವೆಂಬರ್ ಬಂದರೆ ಇನ್ನೊಂದು ಪರೀಕ್ಷೆ. ತಾವು ಬದುಕಿದ್ದೇವೆಂದು ಪಿಂಚಣಿದಾರರು ಸರ್ಕಾರಕ್ಕೆ ಸಾಬೀತುಪಡಿಸಬೇಕು. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ 2014ರಿಂದ ಇದೆ. ಬೆರಳು ಒತ್ತಬೇಕು, ಸವೆದ ಬೆರಳಿನ ಗೆರೆಯನ್ನು ಯಂತ್ರ ಒಪ್ಪದಿದ್ದರೆ ಮುಖ ತೋರಿಸಿ, ಕಣ್ಣು ಮಿಟುಕಿಸಬೇಕು. ಆಧಾರ್ ಕೊಡು, ಓಟಿಪಿ ಕೊಡು, ಆ್ಯಪ್ ಹಾಕಿಕೋ ಎಂದು ಸರ್ಕಾರವೇ ಹೇಳಿಕೊಟ್ಟ ಪಾಠವನ್ನು ವಂಚಕ ಅದೇ ತಿಂಗಳಲ್ಲಿ ಪುನರಾವರ್ತನೆ ಮಾಡಿಸುತ್ತಾನೆ. ಒಂದು ವ್ಯತ್ಯಾಸ: ರಾಯರು ಬದುಕಿದ್ದಾರೆಂದು ಯಾವ ಪುರಾವೆಯೂ ಇಲ್ಲದೆ ನಂಬುವವನು ಅವನು ಮಾತ್ರ.

ಹಣ ಹೋದ ಮೇಲಿನ ಅಧ್ಯಾಯ ಎಲ್ಲಕ್ಕಿಂತ ಕ್ರೂರ, ಇಲ್ಲಿ ನನಗೂ ತಮಾಷೆ ಕೈಕೊಡುತ್ತದೆ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ಮೊದಲ ಒಂದೆರಡು ಗಂಟೆಯೊಳಗೆ ಮಾಡಿದರೆ ಹಣ ಖಾತೆಯಿಂದ ಖಾತೆಗೆ ಜಿಗಿಯುವುದನ್ನು ನಡುವೆ ಎಲ್ಲಾದರೂ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ರಾಯರು ಮಾಡುವುದಿಲ್ಲ. 1930 ಗೊತ್ತಿಲ್ಲವೆಂದಲ್ಲ, ಉಪ್ಪಿಟ್ಟಿನ ಸಭೆಯಲ್ಲಿ ಬರೆದುಕೊಂಡಿದ್ದಾರೆ. ಅವರಿಗೆ ವಂಚಕನಿಗಿಂತ ಹೆಚ್ಚು ಭಯ ಮಗನದು. 'ಎಷ್ಟು ಸಲ ಹೇಳಿದೀನಿ', 'ನಿನಗ್ಯಾಕೆ ಬೇಕಿತ್ತು', 'ಇನ್ಮೇಲೆ ನಿನ್ನ ಅಕೌಂಟ್ ನಾನೇ ನೋಡ್ಕೋತೀನಿ'. ಐವತ್ತು ವರ್ಷ ಸ್ವಂತ ದುಡಿಮೆಯ ಹಣವನ್ನು ತಾವೇ ಎಣಿಸಿದ ಮನುಷ್ಯ ಆ ಕೊನೆಯ ವಾಕ್ಯ ಕೇಳುವುದಕ್ಕಿಂತ ಇನ್ನೊಂದು ಲಕ್ಷ ಕಳೆದುಕೊಳ್ಳಲು ಸಿದ್ಧ. ಒಂದು ವಾರ ಮುಚ್ಚಿಡುತ್ತಾರೆ. 'ಮನೆಯವರಿಗೆ ಹೇಳಬೇಡಿ' ಎಂಬ ಮಾತು ಫಲಿಸುವುದು ವಂಚಕನ ವಾಕ್ಚಾತುರ್ಯದಿಂದಲ್ಲ, ಮನೆಯವರ ನಾಲಿಗೆಯ ಹರಿತದಿಂದ.

ವಾರದ ಮೇಲೆ ವಿಷಯ ಹೊರಬಿದ್ದು ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ಹೋದರೆ ಅಲ್ಲಿ ಬೆಂಚು ತುಂಬಾ ರಾಯರುಗಳೇ. ಬ್ಯಾಂಕಿನಲ್ಲಿ ಕೇಳುವ ಮೊದಲ ಪ್ರಶ್ನೆ: 'ಓಟಿಪಿ ನೀವೇ ಕೊಟ್ರಾ?' ಕೊಟ್ಟೆ ಎಂದರೆ ಮುಗಿಯಿತು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಎರಡೂ ಮಾತು ಹೇಳುತ್ತದೆ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಬೇರೆಲ್ಲೋ ನಡೆದ ಸೋರಿಕೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ಗುಟ್ಟು ಸಂಖ್ಯೆಯನ್ನು ತಾನೇ ಬಿಟ್ಟುಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕನದೇ. ಮಾಹಿತಿ ಸೋರಿದ್ದು ಕಂಪನಿಯಿಂದ, ಆದರೆ ಅದು ಓಟಿಪಿ ಅಲ್ಲವಲ್ಲ. ಹಣ ಹೋಗಿ ಕೂತ ಖಾತೆಯೂ ಯಾವುದೋ ಬ್ಯಾಂಕಿನದೇ. ಐವತ್ತು ವರ್ಷದ ಗ್ರಾಹಕರಾದ ರಾಯರಿಂದ ಫೋಟೋ, ಸಹಿ, ವಿಳಾಸದ ಪುರಾವೆ ಎಂದು ಮತ್ತೆ ಮತ್ತೆ ಕೆವೈಸಿ ಮಾಡಿಸಿಕೊಳ್ಳುವ ಇದೇ ಬ್ಯಾಂಕ್ ಲೋಕ, ಬಾಡಿಗೆಗೆ ಹೆಸರು ಕೊಟ್ಟ ಯಾವನೋ ಕೂಲಿ ಹುಡುಗನಿಗೆ ಖಾತೆ ತೆರೆದು, ಅದರಲ್ಲಿ ಒಂದೇ ದಿನ ಲಕ್ಷಗಟ್ಟಲೆ ಬಂದು ಹೋದರೂ ಕೆಮ್ಮಿರಲಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ವಿಚಿತ್ರ ಔಷಧಿ ಕಂಡುಹಿಡಿದಿದ್ದಾರೆ. 2024ರ ಅಕ್ಟೋಬರ್ 7ರಿಂದ ಅಲ್ಲಿ, ಮೋಸದ ಮಾತಿಗೆ ಮರುಳಾಗಿ ಗ್ರಾಹಕ ದೇಶದೊಳಗಿನ ಬೇರೆ ಖಾತೆಗೆ ತಾನೇ ಹಣ ಕಳಿಸಿದ್ದರೂ, 85,000 ಪೌಂಡಿನವರೆಗೆ ಬ್ಯಾಂಕೇ ತುಂಬಿಕೊಡಬೇಕು. ಅರ್ಧ ಕಳಿಸಿದ ಬ್ಯಾಂಕು, ಅರ್ಧ ಹಣ ಇಳಿದ ಬ್ಯಾಂಕು. ಗ್ರಾಹಕ ತೀರಾ ಬೇಜವಾಬ್ದಾರಿ ತೋರಿದ್ದರೆ ಕೊಡದಿರಬಹುದು. ಆದರೆ ವಯಸ್ಸು, ಕಾಯಿಲೆ, ಒಂಟಿತನದಿಂದ ಸುಲಭವಾಗಿ ಮೋಸಹೋಗುವ ಸ್ಥಿತಿಯಲ್ಲಿದ್ದವರ ಮೇಲೆ ಆ ನೆಪವನ್ನೂ ಹೂಡುವಂತಿಲ್ಲ. ಇದನ್ನು ನಮ್ಮ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರ ಮುಂದೆ ಹೇಳಿದೆ. 'ಹಾಗೆ ಮಾಡಿದರೆ ಜನ ಬೇಜವಾಬ್ದಾರರಾಗುತ್ತಾರೆ ಸಾರ್' ಎಂದು ನೊಂದುಕೊಂಡರು. ನಾನೇ ಸಮಾಧಾನ ಹೇಳಿ ಬಂದೆ.

ಹೀಗಾಗಿ ರಾಯರನ್ನು ಕಾಪಾಡುವ ಹೊಣೆ ಸದ್ಯಕ್ಕೆ ರಾಯರದೇ. ಅವರ ಮಗಳು ಒಂದು ಭಾನುವಾರ ಸುಮ್ಮನೆ ಬಂದು ಕೂತಳು. ಬಯ್ಯಲಿಲ್ಲ, ಅದೇ ದೊಡ್ಡ ವಿಷಯ. ಠೇವಣಿ ಇರುವ ಖಾತೆಗೆ ಯುಪಿಐ ತೆಗೆಸಿದಳು, ತಿಂಗಳ ಖರ್ಚಿನ ಹಣ ಮಾತ್ರ ಇರುವ ಇನ್ನೊಂದು ಖಾತೆಗೆ ಫೋನು ಜೋಡಿಸಿದಳು. ವಿಮೆಯ ಬಗ್ಗೆ ಯಾರೇ ಕರೆ ಮಾಡಲಿ, ಕಟ್ ಮಾಡಿ, ಪಾಲಿಸಿ ಪುಸ್ತಕದಲ್ಲಿ ಅಚ್ಚಾದ ನಂಬರಿಗೆ ತಾವೇ ಮಾಡಬೇಕು ಎಂದಳು. ಬ್ಯಾಂಕು, ವಿಮೆಯವರ ಅಸಲಿ ಸೇವಾ ಕರೆಗೆಂದೇ 1600ರಿಂದ ಶುರುವಾಗುವ ಸಂಖ್ಯೆಗಳಿವೆ, 140ರಿಂದ ಬಂದರೆ ಮಾರಾಟದ ಕರೆ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಕಂಪನಿ ಸತಾಯಿಸಿದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಬಹುದು, ಅದಕ್ಕೂ ಬಗ್ಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು, ವಕೀಲ ಬೇಡ, ಶುಲ್ಕವಿಲ್ಲ, ಬೆಂಗಳೂರಲ್ಲೇ ಕಚೇರಿ ಇದೆ ಎಂದು ಅದರ ಕೆಳಗೇ ಬರೆದಳು. ಏನಾದರೂ ಎಡವಟ್ಟಾದರೆ ಮಧ್ಯರಾತ್ರಿಯಾದರೂ ಸರಿ ಮೊದಲು ನನಗೆ ಹೇಳು, ಒಂದು ಮಾತು ಅನ್ನುವುದಿಲ್ಲ ಎಂದು ಆಣೆ ಮಾಡಿದಳು.

ರಾಯರು ಮೇಷ್ಟ್ರಲ್ಲವೇ, ಪಾಠವನ್ನು ಪರೀಕ್ಷೆಯ ಮಟ್ಟಕ್ಕೆ ಏರಿಸಿದರು. ಈಗ ಯಾರೇ ಕರೆ ಮಾಡಿದರೂ ಮೌಖಿಕ ಪರೀಕ್ಷೆ. ಕಳೆದ ತಿಂಗಳು ಒಬ್ಬ ಕರೆ ಮಾಡಿದ. 'ನನ್ನ ಪಾಲಿಸಿ ನಂಬರ್ ಹೇಳು' ಅಂದರು, ಪಟಪಟ ಹೇಳಿದ. ಯಾವಾಗ ಮುಗಿಯುತ್ತದೆ? ಹೇಳಿದ. ಸ್ಟೆಂಟು ಯಾವ ವರ್ಷ? ಅದನ್ನೂ ಹೇಳಿದ. 'ಫಸ್ಟ್ ಕ್ಲಾಸ್. ಇಷ್ಟೆಲ್ಲ ಗೊತ್ತಿರೋನು ಕಳ್ಳನೇ' ಎಂದು ಫೋನಿಟ್ಟರು. ಎರಡು ದಿನದ ಮೇಲೆ ಇನ್ನೊಬ್ಬ. ಹೆಸರನ್ನೇ ತಪ್ಪು ಹೇಳಿದ, ಪಾಲಿಸಿ ನಂಬರು ಕೇಳಿದರೆ 'ಸರ್ವರ್ ಡೌನ್ ಇದೆ ಅಂಕಲ್' ಅಂದ, ಹಿಂದಿಯಲ್ಲೇನೋ ಗೊಣಗಿದ. ಏನೂ ಗೊತ್ತಿಲ್ಲದವನೂ ಕಳ್ಳನೇ ಎಂದು ಅವನದೂ ಕಟ್. ಅವನು ಮತ್ತೆ ಮಾಡಿದ, ನಂಬರನ್ನೇ ಬ್ಲಾಕ್ ಮಾಡಿದರು. ಪಾಲಿಸಿ ಪುಸ್ತಕದ ನಂಬರಿಗೆ ತಾವೇ ಮಾಡಿ ನೋಡಿದರು. ಸಿತಾರ್ ಕೇಳಿ ಕೇಳಿ ಸಾಕಾಗಿ ಇಟ್ಟರು.

ಆ ಎರಡನೆಯವನು ನಿಜವಾದ ಕಂಪನಿಯವನು. ಗಡುವು ಹೋಯಿತು, ಕೃಪಾವಧಿಯ 30 ದಿನವೂ ಹೋಯಿತು, ಪಾಲಿಸಿ ಈಗ ಕಾನೂನುಬದ್ಧವಾಗಿ ಸತ್ತಿದೆ. ಮೊನ್ನೆ ಬೆಳಗ್ಗೆ ಮತ್ತೆ ಫೋನು ಬಂತು: 'ನಮಸ್ಕಾರ ಸಾರ್, ಕಾಫಿ ಆಯ್ತಾ? ನಿಮ್ಮ ಪಾಲಿಸಿ ಲ್ಯಾಪ್ಸ್ ಆಗಿದೆಯಂತಲ್ಲ.' ಪರಿಶೀಲಿಸಿ ನೋಡಿದರೆ, ಈ ಸಲ ಅವನು ಹೇಳಿದ್ದು ಅಕ್ಷರಶಃ ನಿಜ.